ನೆಂಟರಿಗೆ ದಿಂಬಂ ಕಾಡು ತೋರಿಸುವ ನನ್ನ ಕ್ರಮ

ತಮಿಳುನಾಡಿನ ಗಡಿಯಲ್ಲಿರುವ ನಮ್ಮ ತಾಳವಾಡಿಗೆ ಬಂದ ನೆಂಟರು ಕಾಫಿ ಮುಗಿಸುವ ಮೊದಲೇ ಕೇಳುತ್ತಾರೆ, "ಹುಲಿ ತೋರಿಸ್ತೀಯಾ?" ದಿಂಬಂ ಇರುವ ಸತ್ಯಮಂಗಲ ಕಾಡು 2013ರಿಂದ ಹುಲಿ ರಕ್ಷಿತ ಪ್ರದೇಶ, ಹುಲಿ ಇರುವುದೂ ನಿಜ. ಆದರೆ 1,400 ಚದರ ಕಿಲೋಮೀಟರಿಗೂ ಜಾಸ್ತಿ ಕಾಡು ಬಿಟ್ಟು ಅದು ರಸ್ತೆಗೇ ಬರಬೇಕಲ್ವಾ? ಹಾಗಾಗಿ ನಾನು ಆನೆ, ಕಾಟಿಗಷ್ಟೇ (ಕಾಡುಕೋಣ) ಮಾತು ಕೊಡುತ್ತೇನೆ.

ಹೊರಡುವುದು ಬೆಳಿಗ್ಗೆಯೇ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರುವರಿಯಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಓಡಾಟಕ್ಕೆ ನಿರ್ಬಂಧವಿದೆ. ತರಕಾರಿ ಸಾಗಿಸುವವರಿಗೆ ಇದರಿಂದ ತೊಂದರೆಯಾಯಿತು, ಆ ಮಾತು ಬೇರೆ. ರಾತ್ರಿಯಿಡೀ ಲಾರಿ ಸದ್ದಿಲ್ಲದ ರಸ್ತೆಯ ಬದಿಯಲ್ಲಿ ಮುಂಜಾನೆ ಕಾಟಿಗಳು ನಿರಾಳವಾಗಿ ನಿಂತಿರುತ್ತವೆ.

ಕಾರೆಪಳ್ಳಂ ಚೆಕ್‌ಪೋಸ್ಟ್ ಹತ್ತಿರ ಮಾತ್ರ ನಾನು ನಿಲ್ಲಿಸುವುದಿಲ್ಲ. ಕಬ್ಬಿನ ಲಾರಿ ಕಾಯುವ ಆನೆಗಳು ಅಲ್ಲೇ ಸಿಗುತ್ತವೆ, ಫೋಟೋನೂ ಚೆನ್ನಾಗಿ ಬರುತ್ತದೆ. ಆದರೆ ಕಬ್ಬಿನ ರುಚಿ ಹತ್ತಿದ ಆನೆಗೆ ಗಾಡಿಯ ಭಯವೇ ಇರುವುದಿಲ್ಲ. ಅದರ ಎದುರು ಮಕ್ಕಳನ್ನು ಕೂರಿಸಿಕೊಂಡು ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ.

ಹಾಸನೂರು ದಾಟಿದ ಮೇಲೆ ಗಾಡಿ ನಿಧಾನ ಮಾಡುತ್ತೇನೆ. ಹಾರ್ನ್ ಇಲ್ಲ, ಹಾಡು ಇಲ್ಲ, ಕೆಳಗಿಳಿಯುವಂತಿಲ್ಲ. ಲಾಂಟಾನ ಪೊದೆ ಎಷ್ಟು ದಟ್ಟವೆಂದರೆ ಪಕ್ಕದಲ್ಲೇ ಇರುವ ಆನೆಯೂ ಕಾಣುವುದಿಲ್ಲ. ಮೊದಲು ಕೊಂಬೆ ಮುರಿಯುವ ಸದ್ದು ಕೇಳುತ್ತದೆ. ದೂರದಿಂದ ಸುಮ್ನೆ ನೋಡುತ್ತಿದ್ದರೆ ಅದು ಮೇಯುವ ರೀತಿ ತಿಳಿಯುತ್ತದೆ. ಮುಂಗಾಲಿನ ಉಗುರಿನಿಂದ ಹುಲ್ಲನ್ನು ಒದ್ದು ಸಡಿಲ ಮಾಡುತ್ತದೆ, ಸೊಂಡಿಲಿನಿಂದ ಕಿತ್ತು, ಬೇರಿನ ಮಣ್ಣು ಉದುರುವ ತನಕ ಕಾಲಿಗೆ ಬಡಿಯುತ್ತದೆ, ಆಮೇಲೆ ಬಾಯಿಗೆ. ಕಿವಿ ಬೀಸುತ್ತಿದ್ದರೆ ಅದಕ್ಕೆ ನಮ್ಮ ಗೊಡವೆಯಿಲ್ಲ. ಬೀಸುವುದು ನಿಂತು ಕಿವಿ ಅಗಲಿಸಿ, ಬಾಲ ಎತ್ತಿದರೆ ಮಾತಾಡದೆ ಹಿಂದಕ್ಕೆ ಬರುತ್ತೇನೆ. ಅದಕ್ಕೇ ಎಂಜಿನ್ ಆರಿಸುವುದಿಲ್ಲ.

ದಿಂಬಂನಿಂದ ಬಣ್ಣಾರಿ ಕಡೆಗೆ 27 ತಿರುವುಗಳು. ನೆಂಟರಿಗೆ ತಲೆ ಸುತ್ತುವುದು ಇಲ್ಲೇ. ತಿರುವಿನಲ್ಲಿ ಕೂತ ಕೋತಿಗಳಿಗೆ ಬಿಸ್ಕತ್ತು ಎಸೆಯಲು ನಾನು ಬಿಡುವುದಿಲ್ಲ. ಎಸೆದದ್ದು ತಿನ್ನಲು ರಸ್ತೆಗಿಳಿದ ಮರಿ ಲಾರಿ ಚಕ್ರಕ್ಕೆ ಸಿಕ್ಕುತ್ತದೆ.

ಹಸಿರು ನೋಡಬೇಕೆಂದರೆ ಅಕ್ಟೋಬರ್ ಮಳೆ ಬಿದ್ದ ಮೇಲೆ ಬನ್ನಿ. ಪ್ರಾಣಿ ನೋಡಬೇಕೆಂದರೆ ಫೆಬ್ರುವರಿ, ಮಾರ್ಚ್ ವಾಸಿ. ಎಲೆ ಉದುರಿರುತ್ತದೆ, ಜಿಂಕೆ, ಕಡವೆ ನೀರು ಹುಡುಕಿಕೊಂಡು ಕೆರೆ ಕಟ್ಟೆಗೆ ಬರುತ್ತವೆ. ಧೂಳು ಮಾತ್ರ ಕುಡಿಯಲೇಬೇಕು.