ಸಕ್ಕರೆಯಿಂದ ಜೀವಕೋಶ ಶಕ್ತಿ ಪಡೆಯುವುದನ್ನು ಬಾಟಲಿಯಲ್ಲಿ ನೋಡುವ ಬಗೆ

ಡಿಸೆಂಬರ್ ಬಂತೆಂದರೆ ಇಡ್ಲಿ ಹಿಟ್ಟು ಉಬ್ಬುತ್ತಿಲ್ಲವೆಂಬ ದೂರು ಬೆಂಗಳೂರಿನ ಅಡುಗೆಮನೆಗಳಲ್ಲಿ ಮಾಮೂಲು. ರಾತ್ರಿಯ ತಾಪಮಾನ 16 ಡಿಗ್ರಿಯ ಆಸುಪಾಸಿಗೆ ಇಳಿದಾಗ ಹಿಟ್ಟಿನೊಳಗಿನ ಸೂಕ್ಷ್ಮಜೀವಿಗಳು ಆಹಾರವನ್ನು ಒಡೆದು ಶಕ್ತಿ ಪಡೆಯುವ ಕೆಲಸವೇ ನಿಧಾನವಾಗುತ್ತದೆ. ಈ ಕೆಲಸವನ್ನು ಕಣ್ಣಾರೆ ನೋಡಲು ಹಿಟ್ಟಿಗಿಂತ ಒಣ ಈಸ್ಟ್ ಅನುಕೂಲ. ಅಯ್ಯಂಗಾರ್ ಬೇಕರಿಯ ಬ್ರೆಡ್ಡನ್ನು ಉಬ್ಬಿಸುವುದೂ ಇದೇ ಜೀವಿ.

ಹಿಂದಿನ ರಾತ್ರಿಯೇ ವೀಳ್ಯದೆಲೆಗೆ ಹಚ್ಚುವ ಸುಣ್ಣ ಒಂದು ಚಮಚದಷ್ಟನ್ನು ನೀರಿನಲ್ಲಿ ಕದಡಿಡಿ. ಬೆಳಿಗ್ಗೆ ಮೇಲೆ ನಿಂತ ತಿಳಿಯನ್ನು ಮಾತ್ರ ಎರಡು ಲೋಟಗಳಿಗೆ ಬಗ್ಗಿಸಿಕೊಳ್ಳಿ. ಇದು ಕಣ್ಣಿಗೂ ಬಾಯಿಗೂ ತಾಗಬಾರದು.

ಅರ್ಧ ಲೀಟರಿನ ಮೂರು ಬಾಟಲಿಗಳನ್ನು ತೆಗೆದುಕೊಳ್ಳಿ. ಮೊದಲನೆಯದಕ್ಕೆ ಸುಮಾರು 40 ಡಿಗ್ರಿಯ, ಅಂದರೆ ಬೆರಳಿಗೆ ಹಿತವೆನಿಸುವಷ್ಟು ಬೆಚ್ಚಗಿನ 200 ಮಿಲಿಲೀಟರ್ ನೀರು, ಎರಡು ಚಮಚ ಸಕ್ಕರೆ ಮತ್ತು ಒಂದು ಚಮಚ ಈಸ್ಟ್ ಹಾಕಿ. ಎರಡನೆಯದಕ್ಕೆ ಸಕ್ಕರೆ ಬೇಡ. ಮೂರನೆಯದಕ್ಕೆ ಹಾಕುವ ಈಸ್ಟನ್ನು ಪಾತ್ರೆಯಲ್ಲಿ ಐದು ನಿಮಿಷ ಕುದಿಸಿ, ಆರಿಸಿ, ಆಮೇಲೆ ಸಕ್ಕರೆಯೊಂದಿಗೆ ಸೇರಿಸಿ. ಮೂರೂ ಬಾಟಲಿಗಳ ಬಾಯಿಗೆ ಬಲೂನು ಸಿಕ್ಕಿಸಿ. ಮುಚ್ಚಳವನ್ನಂತೂ ಬಿಗಿಯಬಾರದು, ಒತ್ತಡ ಏರಿ ಬಾಟಲಿ ಸಿಡಿಯಬಹುದು.

ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೊದಲನೆಯ ಬಾಟಲಿಯಲ್ಲಿ ನೊರೆಯೆದ್ದು ಬಲೂನು ನಿಧಾನವಾಗಿ ನೆಟ್ಟಗಾಗತೊಡಗುತ್ತದೆ. ಎರಡನೆಯದು ಜೋತುಬಿದ್ದೇ ಇರುತ್ತದೆ. ಕೋಶಗಳು ತಮ್ಮೊಳಗೆ ಕೂಡಿಟ್ಟುಕೊಂಡದ್ದರಿಂದ ತುಸು ಅನಿಲ ಬಂದರೆ ಅಚ್ಚರಿಪಡಬೇಕಿಲ್ಲ. ನನ್ನ ಮಟ್ಟಿಗೆ ಹೆಚ್ಚು ಕಲಿಸುವುದು ಮೂರನೆಯದು: ಸಕ್ಕರೆಯೂ ಇದೆ, ಈಸ್ಟೂ ಇದೆ, ಆದರೆ ಸಕ್ಕರೆಯನ್ನು ಹಂತಹಂತವಾಗಿ ಒಡೆಯುವ ಕಿಣ್ವಗಳು ಕುದಿತದಲ್ಲಿ ಹಾಳಾಗಿರುವುದರಿಂದ ಏನೂ ನಡೆಯುವುದಿಲ್ಲ. 1897ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಬುಕ್ನರ್ ಇದರ ಮತ್ತೊಂದು ಮಗ್ಗುಲನ್ನು ತೋರಿಸಿದರು; ಈಸ್ಟನ್ನು ಅರೆದು ಹಿಂಡಿ ತೆಗೆದ, ಜೀವಂತ ಕೋಶಗಳೇ ಇಲ್ಲದ ರಸವೂ ಸಕ್ಕರೆಯನ್ನು ಹುದುಗಿಸಿತು. ಅವರಿಗೆ 1907ರ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು.

ಈಗ ಉಬ್ಬಿದ ಬಲೂನಿನ ಕತ್ತನ್ನು ಹಿಸುಕಿ ಹಿಡಿದು, ಸ್ಟ್ರಾ ಒಂದಕ್ಕೆ ದಾರದಿಂದ ಕಟ್ಟಿ, ಒಂದು ಲೋಟದ ಸುಣ್ಣದ ತಿಳಿಯೊಳಗೆ ಅನಿಲವನ್ನು ಮೆಲ್ಲಗೆ ಬಿಡಿ. ಇನ್ನೊಂದು ಲೋಟಕ್ಕೆ ಬೇರೆ ಸ್ಟ್ರಾದಿಂದ ನೀವೇ ಊದಿ, ಹೀರಬೇಡಿ. ಎರಡೂ ಹಾಲಿನಂತೆ ಬೆಳ್ಳಗಾಗುತ್ತವೆ, ಏಕೆಂದರೆ ಎರಡರಲ್ಲೂ ಇಂಗಾಲದ ಡೈಆಕ್ಸೈಡ್ ಇದೆ.

ಅನಿಲ ಒಂದೇ ಆದರೂ ಅದು ಬಂದ ದಾರಿ ಒಂದೇ ಅಲ್ಲ. ಈಸ್ಟಿನಲ್ಲೂ ನಮ್ಮಲ್ಲೂ ಆರು ಇಂಗಾಲದ ಗ್ಲೂಕೋಸ್ ಮೊದಲು ಮೂರು ಇಂಗಾಲದ ಎರಡು ಪೈರುವೇಟ್ ಆಗಿ ಒಡೆಯುತ್ತದೆ, ಆಗ ಕೋಶಕ್ಕೆ ನಿವ್ವಳವಾಗಿ 2 ಎಟಿಪಿ ಅಣುಗಳು, ಅಂದರೆ ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಅಣುಗಳು, ದಕ್ಕುತ್ತವೆ. ಬಾಟಲಿಯ ಈಸ್ಟ್ ಅಲ್ಲಿಂದ ಮುಂದೆ ಪೈರುವೇಟನ್ನು ಆಲ್ಕೋಹಾಲ್ ಮತ್ತು ಅನಿಲವಾಗಿಸಿ ಕೈತೊಳೆದುಕೊಳ್ಳುತ್ತದೆ; ಸಕ್ಕರೆ ಹೇರಳವಾಗಿದ್ದರೆ ಗಾಳಿಯಿದ್ದಾಗಲೂ ಬಹುಪಾಲು ಹೀಗೆಯೇ. ನಮ್ಮ ಕೋಶಗಳಾದರೋ ಪೈರುವೇಟನ್ನು ಕೋಶದೊಳಗಿನ ಶಕ್ತಿ ಘಟಕಗಳಾದ ಮೈಟೊಕಾಂಡ್ರಿಯಾಕ್ಕೆ ಕಳಿಸಿ, ಉಸಿರಿನ ಆಮ್ಲಜನಕದ ನೆರವಿನಿಂದ ಪೂರ್ತಿ ಕಳಚಿ, ಒಂದು ಗ್ಲೂಕೋಸಿನಿಂದ ಒಟ್ಟು ಸುಮಾರು 30 ಎಟಿಪಿ ಗಳಿಸುತ್ತವೆ.

ಮರುದಿನ ಮೊದಲ ಬಾಟಲಿಯನ್ನು ಚೆಲ್ಲುವ ಮುನ್ನ ಒಮ್ಮೆ ಮೂಸಿ ನೋಡಿ. ಮೂಗಿಗೆ ಬಡಿಯುವ ಆ ಘಾಟು ಆಲ್ಕೋಹಾಲಿನದು. ಸಕ್ಕರೆಯಲ್ಲಿದ್ದ ಶಕ್ತಿಯ ಬಹುಪಾಲು ಇನ್ನೂ ಅದರಲ್ಲೇ ಉಳಿದಿದೆ.