ಕೀನ್ಯಾ ಸಫಾರಿ: ಯಾವ ಕಾಡಿನ ಟಿಕೆಟ್ ಯಾರ ಕೈಯಲ್ಲಿ?

ಸೆಕೆನಾನಿ ಗೇಟಿನ ಮುಂದೆ ನಮ್ಮ ಜೀಪು ಒಂದೂವರೆ ತಾಸು ನಿಂತಿತ್ತು. ಮಸಾಯಿ ಮಾರಾ ಕಾಡಿಗೆ ಹೋಗುವ ಮುಖ್ಯ ಬಾಗಿಲು ಅದು. ದುಡ್ಡು ಕಟ್ಟಿದ ರಸೀದಿ ಕೈಯಲ್ಲೇ ಇತ್ತು, ಆದರೆ ಅದು ಬೇರೆ ಕಚೇರಿಯದು. ಬುಕ್ ಮಾಡಿಕೊಟ್ಟವರು ಕೀನ್ಯಾದ ಎಲ್ಲ ಕಾಡಿಗೂ ಒಂದೇ ಇಲಾಖೆ ಅಂದುಕೊಂಡಿದ್ದರು. ನಾವೂ ಕೇಳಿರಲಿಲ್ಲ. ಕೊನೆಗೆ ಮತ್ತೊಮ್ಮೆ ದುಡ್ಡು ಕಟ್ಟಿ ಒಳಗೆ ಹೋದೆವು, ಅಷ್ಟರಲ್ಲಿ ಬೆಳಗಿನ ತಂಪು ಹೊತ್ತು ಕಳೆದು ಸಿಂಹಗಳೆಲ್ಲ ಪೊದೆಯ ನೆರಳು ಸೇರಿದ್ದವು.

ನಿಮಗೆ ಹಾಗಾಗಬಾರದು ಅಂತ ಈ ಲೇಖನ ಬರೆಯುತ್ತಿದ್ದೇನೆ. ಹೋಟೆಲ್, ವಿಮಾನ ಎಲ್ಲ ಆಮೇಲೆ ನೋಡಿಕೊಳ್ಳಬಹುದು.

ಮೊದಲು: ಕಾಡು ಯಾರದ್ದು ಅಂತ ತಿಳಿದುಕೊಳ್ಳಿ

ನಮ್ಮಲ್ಲಿ ಬಂಡೀಪುರವಾಗಲಿ ನಾಗರಹೊಳೆಯಾಗಲಿ, ಕಾಡು ಅಂದರೆ ಅರಣ್ಯ ಇಲಾಖೆ. ಕಬಿನಿಯಲ್ಲಿ ಉಳಿದುಕೊಳ್ಳುವ ಜಂಗಲ್ ಲಾಡ್ಜಸ್ ಕೂಡ ಸರ್ಕಾರದ ಕಂಪನಿಯೇ. ಕೀನ್ಯಾದಲ್ಲಿ ಹಾಗಿಲ್ಲ. ಅಲ್ಲಿ ಮೂರು ಬಗೆಯ ಕಾಡುಗಳಿವೆ, ಮೂರಕ್ಕೂ ಬೇರೆ ಬೇರೆ ಯಜಮಾನರು.

ನೈರೋಬಿ, ನಕುರು, ತ್ಸಾವೊ ಇವೆಲ್ಲ ರಾಷ್ಟ್ರೀಯ ಉದ್ಯಾನಗಳು. ಇವನ್ನು ನೋಡಿಕೊಳ್ಳುವುದು ಕೀನ್ಯಾ ವೈಲ್ಡ್‌ಲೈಫ್ ಸರ್ವಿಸ್, ಅಲ್ಲಿ ಎಲ್ಲರೂ ಕೆಡಬ್ಲ್ಯುಎಸ್ ಅಂತಾರೆ. ತ್ಸಾವೊ ಪೂರ್ವ ಮತ್ತು ಪಶ್ಚಿಮ ಎರಡೂ ಸೇರಿದರೆ 20,000 ಚದರ ಕಿಲೋಮೀಟರಿಗೂ ಜಾಸ್ತಿ. ಆದರೆ ಎಲ್ಲರೂ ಹೋಗುವ ಮಸಾಯಿ ಮಾರಾ ಇದೆಯಲ್ಲ, ಅದು ಕೆಡಬ್ಲ್ಯುಎಸ್ ಕೈಯಲ್ಲಿಲ್ಲ. ಅದು ನಾರೋಕ್ ಕೌಂಟಿಯದು, ಅಂದರೆ ನಮ್ಮ ಜಿಲ್ಲಾಡಳಿತದಂಥ ಸ್ಥಳೀಯ ಸರ್ಕಾರದ್ದು. ಅದರಲ್ಲೂ ಪಶ್ಚಿಮದ ಒಂದು ಭಾಗವನ್ನು, ಮಾರಾ ಟ್ರಯಾಂಗಲ್ ಅಂತಾರೆ, 2001ರಿಂದ ಮಾರಾ ಕನ್ಸರ್ವೆನ್ಸಿ ಅನ್ನುವ ಲಾಭಕ್ಕಲ್ಲದ ಸಂಸ್ಥೆ ನಡೆಸುತ್ತಿದೆ. ಸಂಬುರು ಕಾಡೂ ಕೌಂಟಿಯದೇ.

ಮೂರನೆಯದು ಖಾಸಗಿ ಮತ್ತು ಊರವರ ಕನ್ಸರ್ವೆನ್ಸಿಗಳು, ಅಂದರೆ ಪ್ರಾಣಿಗಳಿಗೆ ಮೀಸಲಿಟ್ಟ ಜಮೀನುಗಳು. ಮಾರಾದ ಸುತ್ತ ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಬೇಲಿ ಹಾಕದೆ ಪ್ರಾಣಿಗಳಿಗೆ ಬಿಟ್ಟು, ಅದಕ್ಕೆ ಬಾಡಿಗೆ ಪಡೆಯುತ್ತವೆ. ಪ್ರಪಂಚದಲ್ಲಿ ಉಳಿದಿರುವ ಕೊನೆಯ ಎರಡು ಉತ್ತರದ ಬಿಳಿ ಘೇಂಡಾಮೃಗಗಳು, ನಾಜಿನ್ ಮತ್ತು ಫಾತು, ಓಲ್ ಪೆಜೆಟಾ ಅನ್ನುವ ಒಂದು ಖಾಸಗಿ ಕನ್ಸರ್ವೆನ್ಸಿಯಲ್ಲಿವೆ. ಎರಡೂ ಹೆಣ್ಣು, ತಾಯಿ ಮಗಳು.

ನಿಮ್ಮ ಪಟ್ಟಿಯಲ್ಲಿರುವ ಪ್ರತಿ ಕಾಡಿನ ಎದುರು ಅದರ ಯಜಮಾನರ ಹೆಸರು ಬರೆದಿಟ್ಟುಕೊಳ್ಳಿ. ಮುಂದಿನ ಕೆಲಸವೆಲ್ಲ ಆ ಚೀಟಿಯ ಮೇಲೇ ನಡೆಯುತ್ತದೆ.

ಆಮೇಲೆ: ಟೂರ್ ಕಂಪನಿಯ ಲೈಸೆನ್ಸ್ ಕೇಳಿ

ಕೀನ್ಯಾ ಟೂರಿಸಂ ಬೋರ್ಡ್ ಅನ್ನುವ ಹೆಸರು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅವರ ಕೆಲಸ ಪ್ರಚಾರ ಮಾಡುವುದು, ದೇಶವನ್ನು ಹೊರಗಿನವರಿಗೆ ಪರಿಚಯಿಸುವುದು. ಟಿಕೆಟ್ಟಿಗೂ ಅವರಿಗೂ ಸಂಬಂಧವಿಲ್ಲ. ಹೋಟೆಲ್ಲು, ಟೂರ್ ಕಂಪನಿಗಳಿಗೆ ಲೈಸೆನ್ಸ್ ಕೊಡುವುದು ಟೂರಿಸಂ ರೆಗ್ಯುಲೇಟರಿ ಅಥಾರಿಟಿ, ಅದು 2011ರ ಪ್ರವಾಸೋದ್ಯಮ ಕಾನೂನಿನ ಪ್ರಕಾರ ಹುಟ್ಟಿದ್ದು. ಮುಂಗಡ ಕಳಿಸುವ ಮುಂಚೆ ಕಂಪನಿಯವರಿಗೆ ಈ ಲೈಸೆನ್ಸಿನ ಪ್ರತಿ ಕಳಿಸಿ ಅಂತ ನೇರವಾಗಿ ಕೇಳಿ. ಇದ್ದವರು ಖುಷಿಯಿಂದಲೇ ಕಳಿಸುತ್ತಾರೆ. ಜತೆಗೆ ಇನ್ನೊಂದು ಮಾತನ್ನೂ ಇಮೇಲಿನಲ್ಲಿ ಬರೆಸಿಕೊಳ್ಳಿ: ಪಾರ್ಕ್ ಶುಲ್ಕ ಪ್ಯಾಕೇಜಿನಲ್ಲಿ ಸೇರಿದೆಯೋ ಇಲ್ಲವೋ, ಸೇರಿದ್ದರೆ ಯಾವ ಯಾವ ಕಾಡಿಗೆ, ಎಷ್ಟು ದಿನಕ್ಕೆ. ನಮ್ಮ ಒಂದೂವರೆ ತಾಸು ಹೋಗಿದ್ದು ಇದೊಂದು ಸಾಲು ಇಲ್ಲದ್ದಕ್ಕೆ.

ಕಾಗದ ಪತ್ರ ಮತ್ತು ಲಸಿಕೆ

2024ರ ಜನವರಿಯಿಂದ ಕೀನ್ಯಾ ವೀಸಾ ತೆಗೆದುಹಾಕಿ ಇಟಿಎ ಅನ್ನುವ ಆನ್‌ಲೈನ್ ಅನುಮತಿ ತಂದಿದೆ. ಭಾರತೀಯರಿಗೂ ಅದೇ. ಇಲ್ಲಿ ಹುಷಾರಾಗಿರಿ: ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಅನ್ನಿಸುವ ಖಾಸಗಿ ತಾಣಗಳು ಮೇಲೆ ಬಂದು, ಅದೇ ಅರ್ಜಿಗೆ ಜಾಸ್ತಿ ದುಡ್ಡು ಕೇಳುತ್ತವೆ. ಕೀನ್ಯಾ ಸರ್ಕಾರದ ತಾಣದ ವಿಳಾಸ ‘ಗೋ ಡಾಟ್ ಕೆಇ’ ಅಂತ ಮುಗಿಯುತ್ತದೆ. ಅದನ್ನು ನೋಡಿಕೊಂಡೇ ಕಾರ್ಡ್ ನಂಬರ್ ಹಾಕಿ.

ಹಳದಿ ಜ್ವರದ ಲಸಿಕೆಯನ್ನು ಮಾತ್ರ ದಯವಿಟ್ಟು ಕೊನೆಗೆ ಇಟ್ಟುಕೊಳ್ಳಬೇಡಿ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಅದು ಸಿಗುತ್ತದೆ. ಹಾಕಿಸಿಕೊಂಡು 10 ದಿನವಾದ ಮೇಲಷ್ಟೇ ಪ್ರಮಾಣಪತ್ರ ಚಾಲ್ತಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಆ ಹಳದಿ ಕಾರ್ಡ್ ಇಲ್ಲದೆ ಕೀನ್ಯಾದಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.

ಶುಲ್ಕ ಕಟ್ಟುವುದು, ಮತ್ತು ಅದು ಯಾಕೆ ಅಷ್ಟು

ಕೆಡಬ್ಲ್ಯುಎಸ್ ಉದ್ಯಾನಗಳ ಗೇಟಿನಲ್ಲಿ ನಗದು ನಡೆಯುವುದಿಲ್ಲ. ಇ-ಸಿಟಿಜನ್ ಅನ್ನುವ ಸರ್ಕಾರಿ ತಾಣದಲ್ಲಿ ಮೊದಲೇ ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು. ಮಾರಾದಲ್ಲಿ 2024ರಿಂದ ಹೊರದೇಶದ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಅದೂ ಬರೀ 12 ತಾಸಿಗೆ, ಬೆಳಿಗ್ಗೆ 6ರಿಂದ ಸಂಜೆ 6. ಬೆಲೆ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ಇನ್ನೊಮ್ಮೆ ನೋಡಿ.

ದುಬಾರಿ, ನಿಜ. ಆದರೆ ಕೆಡಬ್ಲ್ಯುಎಸ್‌ಗೆ ಕಟ್ಟುವ ದುಡ್ಡಿನ ಹಿಂದಿನ ಕಥೆ ಗೊತ್ತಾದಾಗ ನನಗೆ ಕೊಡುವುದಕ್ಕೆ ಬೇಸರವಾಗಲಿಲ್ಲ. 1970ರ ದಶಕದಲ್ಲಿ ಕೀನ್ಯಾದಲ್ಲಿ ಸುಮಾರು 1,67,000 ಆನೆಗಳಿದ್ದವು. 1980ರ ದಶಕ ಮುಗಿಯುವ ಹೊತ್ತಿಗೆ ಉಳಿದದ್ದು 16,000ದಷ್ಟು. 1977ರಲ್ಲೇ ಬೇಟೆ ನಿಷೇಧಿಸಿದ್ದರೂ ದಂತಚೋರರನ್ನು ತಡೆಯಲು ಆಗಿನ ಇಲಾಖೆಯ ಹತ್ತಿರ ದುಡ್ಡಿರಲಿಲ್ಲ, ಸರಿಯಾದ ಬಂದೂಕೂ ಇರಲಿಲ್ಲ. 1989ರಲ್ಲಿ ಆ ಇಲಾಖೆಯನ್ನೇ ತೆಗೆದು, ಗೇಟಿನಲ್ಲಿ ಬಂದ ದುಡ್ಡನ್ನು ತಾನೇ ಕಾಡಿಗೆ ಖರ್ಚು ಮಾಡುವ ಅಧಿಕಾರ ಕೊಟ್ಟು ಕೆಡಬ್ಲ್ಯುಎಸ್ ಕಟ್ಟಿದರು. ಮೊದಲ ಮುಖ್ಯಸ್ಥ ರಿಚರ್ಡ್ ಲೀಕಿ. ಅದೇ ವರ್ಷ ಅಧ್ಯಕ್ಷ ಡೇನಿಯಲ್ ಅರಪ್ ಮೊಯಿ ವಶಪಡಿಸಿಕೊಂಡಿದ್ದ 12 ಟನ್ ದಂತಕ್ಕೆ ಪ್ರಪಂಚದ ಎದುರು ಬೆಂಕಿ ಇಟ್ಟರು. 2021ರ ಗಣತಿಯಲ್ಲಿ ಆನೆಗಳ ಸಂಖ್ಯೆ 36,280ಕ್ಕೆ ಬಂದಿತ್ತು. ನೀವು ಅವರಿಗೆ ಕಟ್ಟುವ ಶುಲ್ಕದಲ್ಲಿ ರೇಂಜರ್ ಸಂಬಳವಿದೆ, ಗಾಡಿಯ ಡೀಸೆಲ್ ಇದೆ, ಉರುಳಿಗೆ ಸಿಕ್ಕ ಆನೆಗೆ ಔಷಧಿ ಇದೆ. ಗೇಟಿನಲ್ಲಿ ಯಾರಾದರೂ ‘ರಸೀದಿ ಬೇಡ, ಕಡಿಮೆಗೆ ಬಿಡುತ್ತೇನೆ’ ಅಂದರೆ ಒಪ್ಪಬೇಡಿ. ಆ ದುಡ್ಡು ಕಾಡಿಗೆ ತಲುಪುವುದಿಲ್ಲ.

ಒಳಗೆ ಹೋದ ಮೇಲೆ

ಪ್ಲಾಸ್ಟಿಕ್ ಕೈಚೀಲಕ್ಕೆ ಕೀನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪೂರ್ತಿ ನಿಷೇಧ. ಒಮ್ಮೆ ಬಳಸಿ ಎಸೆಯುವ ಬಾಟಲಿ, ಲೋಟ, ಸ್ಟ್ರಾಗಳಿಗೆ 2020ರ ಜೂನ್‌ನಿಂದ ರಕ್ಷಿತ ಕಾಡುಗಳಲ್ಲಿ ಜಾಗವಿಲ್ಲ. ಮನೆಯಿಂದ ಚಕ್ಕುಲಿ, ಕೋಡುಬಳೆ ಒಯ್ಯುವವರು ಡಬ್ಬಿಯಲ್ಲಿ ತುಂಬಿಕೊಳ್ಳಿ, ಸ್ಟೀಲ್ ಬಾಟಲಿ ಇರಲಿ.

ಡ್ರೈವರಣ್ಣನಿಗೆ ‘ಇನ್ನೂ ಸ್ವಲ್ಪ ಹತ್ತಿರ’ ಅನ್ನಬೇಡಿ. ದಾರಿ ಬಿಟ್ಟು ಗಾಡಿ ಇಳಿಸಿದರೆ ದಂಡ ಬೀಳುವುದು ಅವರಿಗೆ. ಒಂದು ಪ್ರಾಣಿಯ ಸುತ್ತ ಐದು ಗಾಡಿಗಿಂತ ಜಾಸ್ತಿ ನಿಲ್ಲಬಾರದು ಅನ್ನುವುದು ನಿಯಮ. ನಾವು ಒಂದು ಚಿರತೆಯ ಹತ್ತಿರ ಆರನೆಯವರಾಗಿ ಹೋದಾಗ ನಮ್ಮ ಡ್ರೈವರ್ ದೂರದಲ್ಲೇ ಎಂಜಿನ್ ಆರಿಸಿ ಸುಮ್ನೆ ಕೂತರು. ಹತ್ತು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಆ ಚಿರತೆಯೇ ಮರ ಇಳಿದು, ಗಾಡಿಗಳ ಗುಂಪು ಬಿಟ್ಟು, ನಮ್ಮ ಬಾನೆಟ್ಟಿನ ಮುಂದೆ ಹಾದು ಹುಲ್ಲಿಗೆ ಹೋಯಿತು. ಅದರ ಕಿವಿಯ ಮೇಲೆ ಕೂತಿದ್ದ ನೊಣ ಕೂಡ ಕಾಣಿಸುತ್ತಿತ್ತು.

ನೆಲದಲ್ಲಿ ಬಿದ್ದ ಗರಿ, ಮೂಳೆ, ಕೊಂಬು ಯಾವುದನ್ನೂ ಎತ್ತಿಕೊಳ್ಳಬೇಡಿ. 2013ರ ವನ್ಯಜೀವಿ ಕಾನೂನು ಅಲ್ಲಿ ಬಹಳ ಬಿಗಿ.

ಕೊನೆಯ ದಿನ

ವಿಮಾನ ರಾತ್ರಿಗಿದ್ದರೆ ಬೆಳಿಗ್ಗೆ ಮಾಲ್‌ಗೆ ಹೋಗುವ ಬದಲು ನೈರೋಬಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. 117 ಚದರ ಕಿಲೋಮೀಟರ್, ಊರಿನ ಅಂಚಿನಲ್ಲೇ ಇದೆ. ದಂತ ಸುಟ್ಟ ಜಾಗ ಇರುವುದು ಇಲ್ಲೇ. 2016ರಲ್ಲಿ ಇಲ್ಲಿ ಮತ್ತೆ 105 ಟನ್ ದಂತ ಸುಟ್ಟರು. ಬೂದಿಯ ಗುಡ್ಡೆಗಳನ್ನು ಹಾಗೇ ಬಿಟ್ಟಿದ್ದಾರೆ. ಹತ್ತಿರ ಹೋಗಿ ನೋಡಿದರೆ ಬೂದಿಯ ನಡುವೆ ಕಪ್ಪಾದ ಚೂರುಗಳು ಕಾಣುತ್ತವೆ. ಟಿಕೆಟ್ ಕೆಡಬ್ಲ್ಯುಎಸ್‌ನದು, ಹಿಂದಿನ ರಾತ್ರಿಯೇ ಮಾಡಿಟ್ಟುಕೊಳ್ಳಿ. ಹಳದಿ ಕಾರ್ಡನ್ನು ದೊಡ್ಡ ಸೂಟ್‌ಕೇಸಿಗೆ ಹಾಕದೆ ಪಾಸ್‌ಪೋರ್ಟಿನ ಜತೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ಭಾರತದಲ್ಲಿ ಇಳಿದ ತಕ್ಷಣ ಇಮಿಗ್ರೇಷನ್ನಿಗೂ ಮೊದಲು ಅದನ್ನೇ ಕೇಳುತ್ತಾರೆ.