ಅಗ್ಗ ಬೇಕಾದರೆ ಕಾಲ ನೋಡಿ ಕೊಳ್ಳಿ

ಬೆಂಗಳೂರಿನಲ್ಲಿ ಹೊಸದಾಗಿ ಸಂಸಾರ ಹೂಡುವ ಮಕ್ಕಳು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಯಾವ ಮಾರ್ಕೆಟ್ಟಿನಲ್ಲಿ ಅಗ್ಗ?" ಅಂತ. ಯಾವ ಮಾರ್ಕೆಟ್ಟು ಅಂತ ಆಮೇಲೆ ನೋಡೋಣ, ಮೊದಲು ಯಾವ ತಿಂಗಳು ಅಂತ ನೋಡಿ ಅನ್ನುತ್ತೇನೆ. ನವೆಂಬರ್, ಡಿಸೆಂಬರಿನಲ್ಲಿ ನುಗ್ಗೆಕಾಯಿಗೆ ಚಿನ್ನದ ರೇಟು. ಅದೇ ಮಾರ್ಚಿಗೆ ಮರ ತುಂಬ ಕಾಯಿ, ಗಾಡಿಯವನೇ ಕರೆದು ಕೊಡುತ್ತಾನೆ. ನಿಂಬೆಹಣ್ಣು ಬೇಸಿಗೆಯಲ್ಲಿ ಮುಟ್ಟುವ ಹಾಗಿಲ್ಲ, ಮಳೆಗಾಲದಲ್ಲಿ ಕೇಳುವವರಿಲ್ಲ. ಹಾಗಾಗಿ ಉಪ್ಪಿನಕಾಯಿಗೆ ನಿಂಬೆಹಣ್ಣು ಮಳೆಗಾಲದಲ್ಲೇ ಕೊಳ್ಳಬೇಕು. ಹುರುಳಿಕಾಯಿ ಏಪ್ರಿಲ್, ಮೇನಲ್ಲಿ ಯಾವಾಗಲೂ ಏರುತ್ತದೆ. ಆಗ ಅದರ ಗೋಜಿಗೆ ಹೋಗದೆ ಸೌತೆ, ಕುಂಬಳ, ಪಡವಲದಲ್ಲಿ ಅಡುಗೆ ಸಾಗಿಸಿದರೆ ಆಯಿತು.

ಅವರೆಕಾಯಿಯನ್ನೇ ನೋಡಿ. ಡಿಸೆಂಬರ್ ಶುರುವಿನಲ್ಲಿ ಮೊದಲ ಕಾಯಿ ಬಂದ ತಕ್ಷಣ ಆಸೆಗೆ ಬಿದ್ದು ಕೊಂಡರೆ ದುಡ್ಡೂ ಜಾಸ್ತಿ, ಕಾಳೂ ಸಪ್ಪೆ. ಚಳಿ ಬಲಿತು ಇಬ್ಬನಿ ಚೆನ್ನಾಗಿ ಬೀಳಬೇಕು. ಸಂಕ್ರಾಂತಿಯ ಆಸುಪಾಸಿನಲ್ಲಿ ಮಾಗಡಿ, ಕೋಲಾರದ ಕಡೆಯಿಂದ ಮೂಟೆ ಮೂಟೆ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ, ಸೊಗಡೂ ಆಗಲೇ. ಕೊಳ್ಳುವಾಗ ಒಂದು ಕಾಯಿ ಎತ್ತಿ ಬೆರಳಲ್ಲಿ ಉಜ್ಜಿ. ಎಣ್ಣೆ ಸವರಿದ ಹಾಗೆ ಅಂಟಬೇಕು, ವಾಸನೆ ಕೈಯಲ್ಲೇ ಉಳಿಯಬೇಕು. ಮೇಲಿನಿಂದ ತುಂಬಿಕೊಂಡಂತೆ ಕಂಡರೂ ಒಳಗೆ ಜೊಳ್ಳು ಇರುವ ಕಾಯಿ ಬಹಳ ಬರುತ್ತದೆ, ಆದ್ದರಿಂದ ನಾಲ್ಕು ಕಾಯಿ ಒತ್ತಿ ನೋಡಿ. ಹಿತಕಿದ ಬೇಳೆ ರೆಡಿ ಸಿಗುತ್ತದೆ ನಿಜ, ಆದರೆ ಅದರ ಬೆಲೆಯಲ್ಲಿ ಮುಕ್ಕಾಲು ಪಾಲು ಕೂಲಿ. ಕಾಯಿ ತಂದು ಮನೆಮಂದಿಯೆಲ್ಲ ಕೂತು ಸುಲಿದು, ರಾತ್ರಿ ಕಾಳು ನೆನೆಸಿಟ್ಟು ಬೆಳಿಗ್ಗೆ ಹಿತುಕಿದರೆ ಅಷ್ಟೂ ಉಳಿತಾಯ. ಮಕ್ಕಳಿಗೂ ಆ ಕೆಲಸ ಇಷ್ಟವೇ.

ವರ್ಷಕ್ಕಾಗುವಷ್ಟು ಒಟ್ಟಿಗೆ ಕೊಳ್ಳಬೇಕಾದ ಪದಾರ್ಥಗಳು ಕೆಲವಿವೆ. ಹುಣಸೆಹಣ್ಣು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಕೊಳ್ಳಿ. ಹೊಸ ಹಣ್ಣು ತಿಳಿ ಬಣ್ಣಕ್ಕಿರುತ್ತದೆ. ಬೀಜ, ನಾರು ತೆಗೆದು ಕಲ್ಲುಪ್ಪು ಬೆರೆಸಿ ಭರಣಿಗೆ ತುಂಬಿದರೆ ಮುಂದಿನ ಹಂಗಾಮಿನವರೆಗೂ ಯೋಚನೆಯಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಜೋರಾಗಿ ಬರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಮುರಿದರೆ ಪಟಕ್ಕನೆ ಸದ್ದು ಬರಬೇಕು. ಬಾಗಿದರೆ ತೇವ ಇದೆ ಅಂತ, ತೂಕದಲ್ಲಿ ನೀರಿಗೂ ದುಡ್ಡು ಕೊಟ್ಟ ಹಾಗೆ. ಈರುಳ್ಳಿಯ ವಿಷಯ ಹಲವರಿಗೆ ಗೊತ್ತಿಲ್ಲ. ಮಳೆಗಾಲದ ಬೆಳೆ ಎಷ್ಟೇ ಅಗ್ಗ ಸಿಕ್ಕರೂ ಮೂಟೆಗಟ್ಟಲೆ ತರಬೇಡಿ, ಅದು ಬೇಗ ಮೊಳಕೆ ಬರುತ್ತದೆ, ಕೊಳೆಯುತ್ತದೆ. ಹಿಂಗಾರಿನ ಈರುಳ್ಳಿ ಏಪ್ರಿಲ್, ಮೇನಲ್ಲಿ ಸಿಗುತ್ತದೆ. ಸಿಪ್ಪೆ ಒಣಗಿ ಗರಗರ ಅನ್ನುತ್ತಿರಬೇಕು, ಕತ್ತು ಸಣ್ಣಗೆ ಮುಚ್ಚಿಕೊಂಡಿರಬೇಕು. ಗಾಳಿಯಾಡುವ ಬುಟ್ಟಿಯಲ್ಲಿ, ಆಲೂಗಡ್ಡೆಯಿಂದ ದೂರ ಇಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ.

ಟೊಮೆಟೊ ಮಾತ್ರ ಯಾರ ಕೈಗೂ ಸಿಗುವುದಿಲ್ಲ. 2023ರ ಜುಲೈನಲ್ಲಿ ಕೆಜಿ ನೂರು ರೂಪಾಯಿ ದಾಟಿದ್ದು ನೆನಪಿದೆ ಅಲ್ವಾ? ಅದೇ ಹಣ್ಣನ್ನು ಕೋಲಾರದ ರೈತರು ಬೆಲೆಯಿಲ್ಲದೆ ರಸ್ತೆಗೆ ಸುರಿದದ್ದನ್ನೂ ನೋಡಿದ್ದೇವೆ. ಬೆಲೆ ಬಿದ್ದಾಗ ಎರಡು ಮೂರು ಕೆಜಿ ಜಾಸ್ತಿ ತಂದು ತೊಕ್ಕು ಮಾಡಿಡಿ. ನೀರು ಪೂರಾ ಇಂಗಿ ಎಣ್ಣೆ ಬಿಡುವವರೆಗೆ ಬಾಡಿಸಿ. ಬೆಲೆ ಏರಿದ ವಾರದಲ್ಲಿ ಸಾರಿಗೆ ಹುಣಸೆಹಣ್ಣು ಸಾಕು, ಟೊಮೆಟೊ ಬರುವ ಮೊದಲು ನಮ್ಮ ಹಿರಿಯರು ಸಾರು ಮಾಡುತ್ತಿರಲಿಲ್ಲವೇ!

ಇನ್ನು ಎಲ್ಲಿ ಅನ್ನುವ ಮಾತು. ಮನೆ ಹತ್ತಿರ ಹಾಪ್‌ಕಾಮ್ಸ್ ಮಳಿಗೆ ಇದ್ದರೆ ಮೊದಲು ಅಲ್ಲಿನ ಬೋರ್ಡ್ ಓದಿ. 1959ರಲ್ಲಿ ತೋಟಗಾರಿಕೆ ಇಲಾಖೆಯ ಮರಿಗೌಡರು ದ್ರಾಕ್ಷಿ ಬೆಳೆಗಾರರಿಗಾಗಿ ಶುರು ಮಾಡಿಸಿದ ಸಹಕಾರ ಸಂಘ ಅದು. ಆಮೇಲೆ ಎಲ್ಲ ಹಣ್ಣು ತರಕಾರಿಗೂ ಬೆಳೆಯಿತು. ಎಲ್ಲವೂ ಅಲ್ಲೇ ಅಗ್ಗ ಅಂತ ನಾನು ಹೇಳುವುದಿಲ್ಲ. ಆದರೆ ದಿನದ ದರ ಬರೆದಿರುತ್ತಾರೆ, ಆ ದರ ತಲೆಯಲ್ಲಿಟ್ಟುಕೊಂಡು ಗಾಡಿಯವರ ಹತ್ತಿರ ಹೋದರೆ ಹೆಚ್ಚೋ ಕಡಿಮೆಯೋ ತಾನಾಗೇ ತಿಳಿಯುತ್ತದೆ. ಬೇಸಿಗೆ ಶುರುವಿನಲ್ಲಿ ಅವರು ನಡೆಸುವ ದ್ರಾಕ್ಷಿ, ಕಲ್ಲಂಗಡಿ ಮೇಳದಲ್ಲಿ ರಿಯಾಯಿತಿ ನಿಜವಾಗಿಯೂ ಇರುತ್ತದೆ. ಮೇ, ಜೂನಿನಲ್ಲಿ ಲಾಲ್‌ಬಾಗಿನ ಮಾವು ಮೇಳಕ್ಕೆ ಹೋಗುವವರು ಮೊದಲ ದಿನವೇ ನುಗ್ಗಬೇಡಿ. ರಾಮನಗರದ ಹಣ್ಣು ಮೊದಲು ಬರುತ್ತದೆ, ಶ್ರೀನಿವಾಸಪುರದ್ದು ಆಮೇಲೆ. ಎರಡೂ ಒಟ್ಟಿಗೆ ಸಿಗುವ ದಿನಗಳಲ್ಲಿ ಬಾದಾಮಿ, ರಸಪುರಿ ಎರಡರ ಬೆಲೆಯೂ ಹದಕ್ಕೆ ಬಂದಿರುತ್ತದೆ.

ಕೆ.ಆರ್. ಮಾರ್ಕೆಟ್ 1928ರಿಂದ ಇರುವ ಕಟ್ಟಡ. ಹೂವಿಗೂ ತರಕಾರಿಗೂ ಅಲ್ಲಿನ ಸಗಟು ಬೆಲೆಗೆ ಸಾಟಿಯಿಲ್ಲ. ಆದರೆ ಒಂದು ಚೀಲ ತರಕಾರಿಗೆ ಆಟೋದಲ್ಲಿ ಹೋಗಿ ಬಂದರೆ ಉಳಿದದ್ದೆಲ್ಲ ಆಟೋಗೇ ಹೋಗುತ್ತದೆ. ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಸೇರಿ ಹೋಗಿ, ಮೂಟೆ ಲೆಕ್ಕದಲ್ಲಿ ಕೊಂಡು ಮನೆಗೆ ಬಂದು ಹಂಚಿಕೊಳ್ಳಿ. ಬೆಳಕು ಹರಿಯುವ ಮುಂಚೆ ಹೋದರೆ ಮಾಲು ಚೆನ್ನ, ಬಿಸಿಲೇರಿದ ಮೇಲೆ ಬೆಲೆ ಚೆನ್ನ. ಹಬ್ಬದ ಅಡುಗೆಗೆ ಬೆಳಿಗ್ಗೆ, ಉಪ್ಪಿನಕಾಯಿ, ಸಂಡಿಗೆಗೆ ಹೊತ್ತೇರಿದ ಮೇಲೆ ಅನ್ನುವುದು ನನ್ನ ಲೆಕ್ಕ.

ಸೊಪ್ಪಿನ ವಿಷಯದಲ್ಲಿ ನನ್ನದೊಂದು ಹಠ ಇದೆ. ಗಾಂಧಿ ಬಜಾರ್, ಮಲ್ಲೇಶ್ವರದ ಕಡೆ ಹಳ್ಳಿಯಿಂದ ಬುಟ್ಟಿ ಹೊತ್ತು ತಂದು ಮಾರುವ ಹೆಂಗಸರ ಹತ್ತಿರ ಚೌಕಾಸಿ ಮಾಡಬೇಡಿ. ನಸುಕಿನಲ್ಲೇ ಎದ್ದು ಕಿತ್ತು, ಕಟ್ಟು ಕಟ್ಟಿ, ಬಸ್ಸು ಹಿಡಿದು ಬಂದಿರುತ್ತಾರೆ. ಐದು ರೂಪಾಯಿ ಇಳಿಸಿ ನಮಗೆ ಆಗಬೇಕಾದ್ದೇನು? ಅದರ ಬದಲು ಒಬ್ಬರ ಹತ್ತಿರವೇ ಖಾಯಂ ಕೊಳ್ಳಿ. ಆಗ ಕೇಳದೆಯೇ ಕೊಸರು ಬೀಳುತ್ತದೆ, ಒಂದು ಹಿಡಿ ಕೊತ್ತಂಬರಿ, ನಾಲ್ಕು ಎಸಳು ಕರಿಬೇವು. "ಇವತ್ತು ಮೆಂತ್ಯ ಬೇಡಕ್ಕ, ನಿನ್ನೆದು" ಅಂತ ಅವರೇ ಹೇಳುತ್ತಾರೆ. ಆ ಒಂದು ಮಾತಿಗೆ ಬೆಲೆ ಕಟ್ಟಲು ಆಗುವುದಿಲ್ಲ. ಬೆರಕೆ ಸೊಪ್ಪು ಸಿಕ್ಕರೆ ಬಿಡಬೇಡಿ, ಹೊನಗನ್ನೆ, ದಂಟು, ಅಣ್ಣೆಸೊಪ್ಪು ಎಲ್ಲ ಸೇರಿ ಒಂದೇ ಕಟ್ಟಿನ ದುಡ್ಡಿಗೆ ಬಸ್ಸಾರೇ ಆಗುತ್ತದೆ. ಕೊತ್ತಂಬರಿ ಬೇರಿರುವುದನ್ನೇ ತನ್ನಿ, ಲೋಟದ ನೀರಲ್ಲಿ ಬೇರು ಮುಳುಗಿಸಿಟ್ಟರೆ ವಾರ ಬರುತ್ತದೆ.

ಚೌಕಾಸಿ ಮಾಡಬೇಕಾದ ಕಡೆ ಮಾಡಿ, ಸಂಕೋಚ ಬೇಡ. ಮೋಟು ಬಿದ್ದ ಬೆಂಡೆಕಾಯಿ ರಾಶಿ, ಕಪ್ಪು ಕಲೆ ಇರುವ ಬಾಳೆಹಣ್ಣು, ರಾತ್ರಿ ಅಂಗಡಿ ಮುಚ್ಚುವ ಹೊತ್ತಿನ ಮಾಲು ಇವಕ್ಕೆಲ್ಲ ಅರ್ಧ ಬೆಲೆ ಕೇಳುವುದು ನ್ಯಾಯವೇ. ತಕ್ಕಡಿಯ ಮೇಲೆ ಕಣ್ಣಿರಲಿ. ಎಲೆಕ್ಟ್ರಾನಿಕ್ ತಕ್ಕಡಿಯಾದರೆ ತಟ್ಟೆ ಇಟ್ಟ ಮೇಲೆ ಸೊನ್ನೆ ತೋರಿಸುತ್ತಿದೆಯೋ ಇಲ್ಲವೋ ನೋಡಿ, ಆಮೇಲೆ ತರಕಾರಿ ಹಾಕಿಸಿ.

ಹಬ್ಬದ ಖರ್ಚು ಹಿಡಿತಕ್ಕೆ ತರುವುದು ದೊಡ್ಡ ಕೆಲಸ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರ ಕೆಜಿಗೆ ಸಾವಿರ ದಾಟುವುದು ಹೊಸದೇನಲ್ಲ. ಸೇವಂತಿಗೆ, ಕನಕಾಂಬರ ಎರಡು ದಿನ ಮೊದಲೇ ಬಿಡಿ ಹೂವಾಗಿ ತನ್ನಿ. ನೀರು ಚಿಮುಕಿಸದೆ ಬಾಳೆಲೆಯಲ್ಲಿ ಸುತ್ತಿ, ಮೇಲೆ ನ್ಯೂಸ್‌ಪೇಪರ್ ಸುತ್ತಿ ಫ್ರಿಜ್ಜಿನಲ್ಲಿಡಿ. ಮಲ್ಲಿಗೆ ಮಾತ್ರ ಅವತ್ತಿನದು ಅವತ್ತೇ ತರಬೇಕು. ಮಾರು ಲೆಕ್ಕದ ಕಟ್ಟಿದ ಹೂವಿಗಿಂತ ಬಿಡಿ ಹೂ ತಂದು ಮನೆಯಲ್ಲಿ ಕಟ್ಟಿದರೆ ಬಹಳ ಉಳಿಯುತ್ತದೆ.

ಆಯುಧಪೂಜೆ ಮುಗಿದ ಮಾರನೆಯ ದಿನ ರಸ್ತೆ ಬದಿಯ ಬೂದುಗುಂಬಳದ ರಾಶಿ ನೋಡಿದ್ದೀರಾ? ಹಿಂದಿನ ದಿನ ಬೆಲೆ ಆಕಾಶದಲ್ಲಿದ್ದ ಕಾಯನ್ನು ಅವತ್ತು ಬಿಟ್ಟು ಹೋಗುವ ಪರಿಸ್ಥಿತಿ. ಗೀರು, ಪೆಟ್ಟು ಇಲ್ಲದ, ಮೇಲೆ ಬೂದಿ ದಟ್ಟವಾಗಿ ಕೂತ, ತೊಟ್ಟಿರುವ ಕಾಯಿ ಆರಿಸಿ ಎರಡು ತನ್ನಿ. ತಣ್ಣಗಿನ ಒಣ ಜಾಗದಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಮಜ್ಜಿಗೆಹುಳಿ, ಕಾಶಿ ಹಲ್ವ, ಬೇಸಿಗೆಗೆ ಸಂಡಿಗೆ ಎಲ್ಲ ಅದರಲ್ಲೇ. ಮಾರುವವರಿಗೂ ಮೂಟೆ ಹೊತ್ತು ವಾಪಸ್ ಹೋಗುವ ಕಷ್ಟ ತಪ್ಪಿತು. ದೇವರಿಗೆ ಇಟ್ಟ ಚೆಂಡುಹೂ ಬಾಡಿದ ಮೇಲೆ ಒಣಗಿಸಿಟ್ಟುಕೊಳ್ಳಿ, ಎಸಳಿನ ಬುಡದ ಕಪ್ಪು ಕಡ್ಡಿಯೇ ಬೀಜ. ಕುಂಡದಲ್ಲಿ ಉದುರಿಸಿದರೆ ವಾರದೊಳಗೆ ಮೊಳಕೆ.

ಗಿಡದ ಮಾತು ಬಂತಲ್ಲ, ಅದನ್ನೇ ಮುಂದುವರಿಸುತ್ತೇನೆ. ಗಿಡ ಕೊಳ್ಳಲು ಜೂನ್, ಜುಲೈ ಒಳ್ಳೆಯದು. ಮಳೆ ಹಿಡಿದಿರುತ್ತದೆ, ಸಾಯುವುದು ಕಡಿಮೆ. ಲಾಲ್‌ಬಾಗಿನ ಒಳಗೇ ನರ್ಸರಿಮೆನ್ ಸಹಕಾರ ಸಂಘದ ಮಾರಾಟ ಇದೆ, ತೋಟಗಾರಿಕೆ ಇಲಾಖೆಯ ನರ್ಸರಿಗಳೂ ಇವೆ. ಪಕ್ಕದ ಸಿದ್ದಾಪುರದಲ್ಲಿ ಸಾಲು ನರ್ಸರಿಗಳು. ಮುಖ್ಯರಸ್ತೆಯ ಅಲಂಕಾರದ ಅಂಗಡಿಯಲ್ಲಿ ಪಿಂಗಾಣಿ ಕುಂಡದಲ್ಲಿ ಕೂತ ಗಿಡವೇ ಇಲ್ಲಿ ಕಪ್ಪು ಕವರಿನಲ್ಲಿ ಎಷ್ಟೋ ಕಡಿಮೆಗೆ ಸಿಗುತ್ತದೆ. ಜನವರಿ, ಆಗಸ್ಟಿನ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಮಳಿಗೆಗಳಲ್ಲಿ ಸುಮ್ನೆ ಒಂದು ಸುತ್ತು ಹಾಕಿ ಬೆಲೆ ಕೇಳಿಕೊಳ್ಳಿ, ಕೊಳ್ಳುವುದನ್ನು ಕೊನೆಗಿಟ್ಟುಕೊಳ್ಳಿ.

ಎಲ್ಲರೂ ಹೂ ತುಂಬಿದ ಗಿಡಕ್ಕೇ ಕೈ ಹಾಕುತ್ತಾರೆ. ಅದು ಬೇಡ. ಮನೆಗೆ ಬರುವಷ್ಟರಲ್ಲಿ ಹೂ ಉದುರಿ ಗಿಡ ಸೊರಗುತ್ತದೆ. ಮೊಗ್ಗು ಸಣ್ಣಗಿರುವ, ತುದಿಯಲ್ಲಿ ಎಳೆ ಚಿಗುರಿರುವ ಗಿಡ ತನ್ನಿ. ಕವರನ್ನು ಎತ್ತಿ ತಳ ನೋಡಿ. ತೂತಿನಿಂದ ಬಿಳಿ ಬೇರು ಸ್ವಲ್ಪ ಇಣುಕಿದರೆ ಒಳ್ಳೆಯದು. ದಪ್ಪ ಕಂದು ಬೇರು ಸುತ್ತಿಕೊಂಡಿದ್ದರೆ ಬಹಳ ದಿನದಿಂದ ಅಲ್ಲೇ ಇದೆ ಅಂತ. ಎಲೆ ಮಗುಚಿ ಹಿಂಬದಿ ನೋಡುವುದನ್ನು ಮರೆಯಬೇಡಿ, ದಾಸವಾಳದಲ್ಲಿ ಬಿಳಿ ಹಿಟ್ಟುತಿಗಣೆ ಕೂತಿದ್ದರೆ ಮನೆಯ ಬೇರೆ ಗಿಡಗಳಿಗೂ ಹತ್ತುತ್ತದೆ. ಕಸಿ ಮಾವು, ಸಪೋಟ ಕೊಳ್ಳುವಾಗ ಕಸಿಯ ಗಂಟು ಎಲ್ಲಿದೆ ತೋರಿಸಿ ಅಂತ ಕೇಳಿ. ಗಂಟಿನ ಕೆಳಗೆ ಚಿಗುರು ಬಂದಿದ್ದರೆ ಅದು ಕಾಡುಗಿಡದ ಚಿಗುರು, ಚಿವುಟಿ ಹಾಕಬೇಕು. ತಂದ ದಿನವೇ ಕುಂಡ ಬದಲಿಸಬೇಡಿ, ಒಂದು ವಾರ ನೆರಳಿನಲ್ಲಿ ಹೊಂದಿಕೊಳ್ಳಲಿ.

ದುಡ್ಡು ಕೊಟ್ಟು ಕೊಳ್ಳಲೇಬಾರದ ಗಿಡಗಳೂ ಇವೆ. ಬ್ರಹ್ಮಕಮಲ ಒಂದು ಎಲೆ ನೆಟ್ಟರೆ ಬರುತ್ತದೆ. ದಾಸವಾಳ ಪೆನ್ಸಿಲ್ ದಪ್ಪದ ಕಡ್ಡಿ ಮುರಿದು ಮಳೆಗಾಲದಲ್ಲಿ ನೆಟ್ಟರೆ ಸಾಕು. ಕರಿಬೇವಿನ ಬುಡದಲ್ಲಿ ಏಳುವ ಮರಿ, ತುಳಸಿಯ ಬೀಜ, ದೊಡ್ಡಪತ್ರೆಯ ಕಾಂಡ ಎಲ್ಲವನ್ನೂ ನೆರೆಹೊರೆಯವರನ್ನು ಕೇಳಿ ಪಡೆಯಿರಿ, ನಿಮ್ಮಲ್ಲಿರುವುದನ್ನು ಕೊಡಿ. ತರಕಾರಿ ಬೀಜಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳನ್ನು ನಂಬಬಹುದು. ಅರ್ಕಾ ಅನಾಮಿಕಾ ಬೆಂಡೆಯಲ್ಲಿ ಎರಡು ಕಾಯಿ ಗಿಡದಲ್ಲೇ ಒಣಗಲು ಬಿಟ್ಟರೆ ಮುಂದಿನ ಸಲಕ್ಕೆ ಬೀಜ ಸಿಕ್ಕಿತು. ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್, ಅದರ ಬೀಜ ಉಳಿಸಿ ಪ್ರಯೋಜನವಿಲ್ಲ.

ಮನೆ ಅಲಂಕಾರಕ್ಕೆ ನಾನು ಮೊದಲು ಹೇಳುವುದು ಮಣ್ಣಿನ ಸಾಮಾನು. ಬೆನ್ಸನ್ ಟೌನ್ ಹತ್ತಿರದ ಪಾಟರಿ ಟೌನಿನಲ್ಲಿ ಕುಂಬಾರರೇ ಮಾಡಿ ಮಾರುತ್ತಾರೆ. ಗಣೇಶನ ಹಬ್ಬ, ದೀಪಾವಳಿ ಹತ್ತಿರ ಬಂದಾಗ ಅವರಿಗೂ ಉಸಿರಾಡಲು ಪುರುಸೊತ್ತಿಲ್ಲ, ಬೆಲೆಯೂ ಬಿಗಿ. ಹಬ್ಬ ಕಳೆದ ವಾರ ಹೋದರೆ ಉಳಿದ ಹಣತೆ, ತೂಗುದೀಪ ಸಲೀಸಾಗಿ ಕೊಡುತ್ತಾರೆ. ಕುಂಡವನ್ನು ಅಂಗೈ ಮೇಲಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಅಂದರೆ ಚೆನ್ನಾಗಿ ಬೆಂದಿದೆ. ಡಬ್ ಅಂದರೆ ಎಲ್ಲೋ ಬಿರುಕಿದೆ, ಇಲ್ಲವೇ ಅರೆಬೆಂದಿದೆ. ಮನೆಗೆ ತಂದ ಮೇಲೆ ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಗಿಡ ನೆಡಿ, ಇಲ್ಲದಿದ್ದರೆ ಹೊಸ ಕುಂಡವೇ ನೀರೆಲ್ಲ ಕುಡಿಯುತ್ತದೆ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದಾಗ ಕಡಲೆಕಾಯಿಯ ಜೊತೆ ಬಿದಿರಿನ ಬುಟ್ಟಿ, ಮೊರವನ್ನೂ ನೋಡಿ ಬನ್ನಿ. ಮೊರ ಗೋಡೆಗೆ ನೇತುಹಾಕಿದರೆ ಎಷ್ಟು ಲಕ್ಷಣವಾಗಿ ಕಾಣುತ್ತದೆ! ನೆಲಕ್ಕೆ ಮೆಲ್ಲಗೆ ಕುಟ್ಟಿ, ಬಿಳಿ ಪುಡಿ ಉದುರಿದರೆ ಹುಳ ಹೊಡೆದಿದೆ, ಬಿಟ್ಟುಬಿಡಿ. ಹಳೆಯ ಹಿತ್ತಾಳೆ ಕೊಳ್ಳುವವರು ಪರ್ಸಿನಲ್ಲಿ ಚಿಕ್ಕ ಅಯಸ್ಕಾಂತ ಇಟ್ಟುಕೊಳ್ಳಿ. ಹಿತ್ತಾಳೆಗೆ ಅದು ಅಂಟುವುದಿಲ್ಲ, ಅಂಟಿದರೆ ಕಬ್ಬಿಣಕ್ಕೆ ಬಣ್ಣ ಬಳಿದದ್ದು. ಬೆಲೆಯನ್ನು ತೂಕದ ಮೇಲೆ ಕೇಳಿ, "ಆಂಟಿಕ್" ಅನ್ನುವ ಮಾತಿನ ಮೇಲೆ ಬೇಡ. ಪರದೆ, ಬೆಡ್‌ಶೀಟ್ ಬೇಕಿದ್ದರೆ ಅಕ್ಟೋಬರ್ 2ರ ಗಾಂಧಿ ಜಯಂತಿಯವರೆಗೆ ಕಾಯಿರಿ, ಖಾದಿ ಭಂಡಾರಗಳ ರಿಯಾಯಿತಿ ಆಗ ಶುರುವಾಗುತ್ತದೆ.

ಚನ್ನಪಟ್ಟಣದ ಬೊಂಬೆಗೆ ಮೈಸೂರು ರಸ್ತೆಯಲ್ಲಿ ಹೋಗುವಾಗ ಇಳಿಯಿರಿ. ಮೊದಲು ಬೆಂಗಳೂರಿನ ಕಾವೇರಿ ಎಂಪೋರಿಯಂನಲ್ಲಿ ನೋಡಿ ಕಣ್ಣು ಪಳಗಿಸಿಕೊಂಡರೆ ಅಲ್ಲಿ ಮೋಸ ಹೋಗುವುದಿಲ್ಲ. ಹೆದ್ದಾರಿಯ ದೊಡ್ಡ ಅಂಗಡಿಗಿಂತ ಊರೊಳಗೆ ಕೆಲಸಗಾರರ ಹತ್ತಿರವೇ ಕೇಳಿ. ಹಾಲೆ ಮರವನ್ನು ಲೇತಿನಲ್ಲಿ ತಿರುಗಿಸುತ್ತಾ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಅದನ್ನು ನಿಂತು ನೋಡುವುದೇ ಒಂದು ಸಂತೋಷ. ಒದ್ದೆ ಬಿಳಿ ಬಟ್ಟೆಯಲ್ಲಿ ಬೊಂಬೆಯನ್ನು ಗಟ್ಟಿಯಾಗಿ ಒರೆಸಿ ನೋಡಿ, ಬಟ್ಟೆಗೆ ಬಣ್ಣ ಹತ್ತಬಾರದು. ಮಗು ಬಾಯಿಗೆ ಹಾಕುವ ಆಟಿಕೆಯಾದರಂತೂ ಈ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ.